ಹಡಗು ನಿಂತ ಹಗಲು: ಮಂಗಳೂರು ಬಂದರು, ಮೂಡುಬಿದಿರೆ ಮತ್ತು ಒಬ್ಬ ಯಾತ್ರಿಕನ ಪ್ರಶ್ನೆ

ಅಥಣಿಯವರಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಬಹುಕಾಲದಿಂದ ವಿದೇಶದಲ್ಲಿದ್ದಾರೆ. ಈ ಸಲ ಅವರು ಹೆಂಡತಿ ಮಕ್ಕಳೊಡನೆ ವಿಹಾರನೌಕೆಯಲ್ಲಿ ಬರುತ್ತಿದ್ದಾರೆ. ಆ ಹಡಗು ನವಮಂಗಳೂರು ಬಂದರಿನಲ್ಲಿ ಬೆಳಗ್ಗೆ ನಿಂತು ಸಂಜೆ ಹೊರಡುತ್ತದೆ. ಊರಿಗೆ ಬರುವಷ್ಟು ಸಮಯವಿಲ್ಲದ ಕಾರಣ, ಎಪ್ಪತ್ತು ದಾಟಿದ ತಂದೆತಾಯಿ ಮಂಗಳೂರಿಗೇ ಹೋಗಿ ಮೊಮ್ಮಕ್ಕಳನ್ನು ಕಾಣಬೇಕೆಂದು ನಿಶ್ಚಯಿಸಿದ್ದಾರೆ. "ಸರ್, ಅಪ್ಪ ಅವ್ವ ಎಲ್ಲಿ ಉಳಿಯಬೇಕು? ಎಂಟು ತಾಸಿನಲ್ಲಿ ಮಕ್ಕಳಿಗೆ ಏನು ತೋರಿಸಬೇಕು?" ಎಂದು ಅವರು ಕೇಳಿದರು. ನಾನು ಸಾಹಿತ್ಯದ ಅಧ್ಯಾಪಕ; ಪ್ರವಾಸದ ಮಾರ್ಗದರ್ಶಿಯಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಂದರಿನಲ್ಲಿ ಇಳಿದವನು ಎಲ್ಲಿ ತಂಗಬೇಕು, ಏನನ್ನು ನೋಡಬೇಕು ಎಂಬ ವಿಚಾರಕ್ಕೆ ನಮ್ಮ ಕರಾವಳಿಯಲ್ಲಿ ದೀರ್ಘ ಇತಿಹಾಸವಿದೆ. ಆ ಇತಿಹಾಸದ ಒಂದು ಎಳೆ ನಮ್ಮ ಚಿಕ್ಕೋಡಿ ಸೀಮೆಯವರೆಗೂ ಬಂದು ಮುಟ್ಟುತ್ತದೆ.

ಶ್ರಾವಕಾಚಾರದ ದೃಷ್ಟಿಯಿಂದಲೂ ಈ ವಿಷಯ ವಿಚಾರಾರ್ಹವಾದುದು. ಗೃಹಸ್ಥನ ವ್ರತಗಳಲ್ಲಿ ದಿಗ್ವ್ರತವೂ ಒಂದು. ಇಂತಿಷ್ಟು ದಿಕ್ಕಿನಲ್ಲಿ, ಇಂತಿಷ್ಟು ದೂರ ಮಾತ್ರ ಹೋಗುವೆನೆಂದು ಶ್ರಾವಕನು ತನಗೆ ತಾನೇ ಎಲ್ಲೆ ಕಟ್ಟಿಕೊಳ್ಳುತ್ತಾನೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇಂಥ ಎಲ್ಲೆಗಳನ್ನು ಹೇಳುವಾಗ ನದಿ, ಪರ್ವತ, ಅರಣ್ಯಗಳೊಡನೆ ಸಮುದ್ರವನ್ನೂ ಹೆಸರಿಸುತ್ತದೆ. ಹೋಗುವವನಿಗೆ ದಿಗ್ವ್ರತವಿದ್ದಂತೆ, ಬಂದವನನ್ನು ಕಾಣುವ ಗೃಹಸ್ಥನಿಗೆ ಅತಿಥಿಸಂವಿಭಾಗ ವ್ರತವಿದೆ. ಎಷ್ಟು ದೂರ ಹೋಗಬೇಕು, ಬಂದವರನ್ನು ಹೇಗೆ ಸತ್ಕರಿಸಬೇಕು ಎಂಬ ಎರಡು ಪ್ರಶ್ನೆಗಳೂ ಸಂಧಿಸುವ ಸ್ಥಳ ಬಂದರು.

ಒತ್ತೆಯಿಟ್ಟು ಪಡೆದ ಆತಿಥ್ಯ

ಮಂಗಳೂರಿನಲ್ಲಿ ದೀರ್ಘಕಾಲ ತಂಗಿದ ಪರದೇಶಿ ವರ್ತಕರಲ್ಲಿ ಅಬ್ರಹಾಂ ಬೆನ್ ಯಿಜು ಪ್ರಮುಖನು. ಟ್ಯುನೀಷಿಯಾ ಮೂಲದ ಈ ಯಹೂದಿ ವ್ಯಾಪಾರಿ 12ನೇ ಶತಮಾನದ ಪೂರ್ವಾರ್ಧದಲ್ಲಿ ಸುಮಾರು 17 ವರ್ಷ ಮಲಬಾರ್ ಕರಾವಳಿಯಲ್ಲಿದ್ದನು; ಮಂಗಳೂರೇ ಅವನ ಮುಖ್ಯ ನೆಲೆಯಾಗಿತ್ತು. ಇಲ್ಲಿಯೇ ಕಂಚಿನ ಸಾಮಾನುಗಳ ಕಾರ್ಖಾನೆ ನಡೆಸಿದನು. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಮಂಗಳೂರಿನಲ್ಲಿಯೇ ಬರೆಯಲ್ಪಟ್ಟಿತು. ಕೈರೋದ ಯಹೂದಿ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದ ಕಾಗದಗಳು ಅವನ ಬದುಕನ್ನು ಇಂದಿಗೂ ಹೇಳುತ್ತಿವೆ. ಅವನ ವ್ಯಾಪಾರದ ಪ್ರತಿನಿಧಿಯಾಗಿದ್ದ ಬೊಮ್ಮನ ಹೆಸರಂತೂ ಕನ್ನಡದ್ದು, ತುಳುನಾಡಿನದ್ದು.

ಎರಡು ಶತಮಾನಗಳ ಅನಂತರ, 1342ರ ಸುಮಾರಿಗೆ, ಇಬ್ನ್ ಬತೂತ ಇದೇ ತೀರದಲ್ಲಿ ಸಾಗಿದನು. ಅವನು ಫಾಕನೂರು ಎಂದು ಕರೆದ ಬಾರಕೂರಿನ ಬಳಿ ಹಡಗು ಲಂಗರು ಹಾಕಿತು. ಆದರೆ ಯಾರೂ ಕೆಳಗಿಳಿಯಲಿಲ್ಲ. ಅಲ್ಲಿನ ಅರಸನು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಿದ ಮೇಲಷ್ಟೇ ಯಾತ್ರಿಕರು ನೆಲಕ್ಕೆ ಕಾಲಿಟ್ಟರು. ಮೂರು ರಾತ್ರಿಗಳ ಆತಿಥ್ಯ ದೊರೆಯಿತು. ತೀರದಲ್ಲಿ ಹಾದುಹೋಗುವ ಪ್ರತಿ ಹಡಗೂ ಅಲ್ಲಿ ನಿಂತು ಅರಸನಿಗೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯನ್ನೂ ಅವನು ದಾಖಲಿಸಿದ್ದಾನೆ. ಮುಂದೆ ಮಂಗಳೂರಿನಲ್ಲಿಯೂ ಇದೇ ಚೌಕಾಶಿ ನಡೆಯಿತು. ಊರಿನ ಖಾಜಿ ಹಡಗಿಗೇ ಬಂದು ಇಳಿಯಿರೆಂದು ಬೇಡಿಕೊಂಡರೂ, ಅರಸುಕುಮಾರ ಹಡಗಿಗೆ ಬಂದ ಬಳಿಕವೇ ಇವರು ಇಳಿದರು. ಇಂದಿನ ಯಾತ್ರಿಕನು ವಸತಿಗೃಹಕ್ಕೆ ಮುಂಗಡ ಕಟ್ಟಿ ನೆಮ್ಮದಿಯಾಗಿರುತ್ತಾನೆ. ಅಂದು ಮುಂಗಡವಾಗಿ ಬಂದವನು ಅರಸನ ಮಗ! ವಸತಿಯೆಂದರೆ ಮೊದಲು ವಿಶ್ವಾಸ, ಆಮೇಲೆ ಹಾಸಿಗೆ ಎಂಬುದನ್ನು ಈ ಪ್ರಸಂಗ ಚೆನ್ನಾಗಿ ತಿಳಿಸುತ್ತದೆ.

ಎರಡು ಬಿದಿರೂರುಗಳು

ಕರಾವಳಿಯ ಈ ವ್ಯಾಪಾರಕ್ಕೂ ಘಟ್ಟದ ಮೇಲಿನ ನಮ್ಮ ನಾಡಿಗೂ ಏನು ಸಂಬಂಧವೆಂದು ಕೇಳುವವರು ಬೆಳಗಾವಿಯ 1204ರ ಶಾಸನಗಳನ್ನು ನೋಡಬೇಕು. ಕೂಂಡಿ ಮೂರುಸಾವಿರ ನಾಡನ್ನು ಆಳುತ್ತಿದ್ದ ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ದತ್ತಿ ನೀಡಿದ ವರ್ತಕರ ಪಟ್ಟಿ ಅಲ್ಲಿದೆ. ಅದರಲ್ಲಿ ಸ್ಥಳೀಯರೊಡನೆ ಗುಜರಾತಿನ ಕಡೆಯ ಲಾಳ ವ್ಯಾಪಾರಿಗಳೂ ಮಲೆಯಾಳದ ವ್ಯಾಪಾರಿಗಳೂ ಇದ್ದಾರೆ. ಕಡಲ ತೀರದವರು ಘಟ್ಟ ಹತ್ತಿ ಬಂದು, ವೇಣುಗ್ರಾಮದಲ್ಲಿ ವ್ಯಾಪಾರ ನಡೆಸಿ, ಜಿನಾಲಯಕ್ಕೆ ತಮ್ಮ ಪಾಲು ಸಲ್ಲಿಸಿದರು. ಆ ಶಾಸನಶಿಲೆಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಸಮುದ್ರ ದಾಟುವ ವಿಚಾರದಲ್ಲಿ ನಮ್ಮ ಕಲ್ಲುಗಳು ನಮಗಿಂತ ಮುಂದಿವೆ!

ಬೆಳಗಾವಿ ವೇಣುಗ್ರಾಮವಾದರೆ ಮೂಡುಬಿದಿರೆ ವೇಣುಪುರ. ಎರಡೂ ಬಿದಿರಿನ ಊರುಗಳು. ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ಒಳನಾಡಿನಲ್ಲಿರುವ ಮೂಡುಬಿದಿರೆ ಬಂದರಿನ ಸಂಪತ್ತನ್ನು ಧರ್ಮದ ಸ್ಥಾವರರೂಪಕ್ಕೆ ತಿರುಗಿಸಿದ ಊರು. ಅಲ್ಲಿರುವ 18 ಬಸದಿಗಳಲ್ಲಿ ತ್ರಿಭುವನತಿಲಕ ಚೂಡಾಮಣಿ ಎಂಬ ಸಾವಿರ ಕಂಬದ ಬಸದಿ ಲೋಕಪ್ರಸಿದ್ಧವಾಗಿದೆ. ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ಮಂಗಳೂರು ರಾಜ್ಯದ ಅಧಿಪತಿ ದೇವರಾಜ ಒಡೆಯನ ಆಶ್ರಯದಲ್ಲಿ, ಬಿದಿರೆಯ ಸೆಟ್ಟಿಗಳೂ ಹಲರೂ ಸೇರಿ 1430ರ ಸುಮಾರಿಗೆ ಇದನ್ನು ಕಟ್ಟಲಾರಂಭಿಸಿದರು. ಅರಸನೊಬ್ಬನ ಕೀರ್ತಿಗಾಗಿ ಎದ್ದ ಕಟ್ಟಡವಿದಲ್ಲ. ಒಂದು ವರ್ತಕ ಸಮುದಾಯ ಒಟ್ಟಾಗಿ ನಿಂತು ಕಟ್ಟಿದ್ದು.

ಈ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನವನ್ನು ಬಾಗಿ ನೋಡಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅಲ್ಲಿ ಜಿರಾಫೆಯ ಶಿಲ್ಪವಿದೆ. ಚೀನೀ ಮಾದರಿಯ ಡ್ರ್ಯಾಗನ್ನೂ ಇದೆ. ಜಿರಾಫೆ ಆಫ್ರಿಕದ ಪ್ರಾಣಿ. 1414ರಲ್ಲಿ ಬಂಗಾಳದ ಸುಲ್ತಾನನು ಚೀನದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದ್ದನು. ಝೆಂಗ್ ಹೇ ಎಂಬ ನೌಕಾಧಿಪತಿಯ ಚೀನೀ ಹಡಗುಪಡೆಗಳು ಕಲ್ಲಿಕೋಟೆಗೆ ಬಂದುಹೋಗುತ್ತಿದ್ದ ಕಾಲವೂ ಅದೇ. ನಮ್ಮ ಶಿಲ್ಪಿ ಪ್ರಾಣಿಯನ್ನೇ ಕಂಡನೋ, ನಾವಿಕರ ಬಾಯಿಂದ ಕೇಳಿದನೋ, ಯಾವುದೋ ಬಟ್ಟೆಯ ಮೇಲಿನ ಚಿತ್ರ ನೋಡಿದನೋ, ಅಂತೂ ಬಂದರಿನ ಸುದ್ದಿ ಘಟ್ಟದ ತಪ್ಪಲಿನ ಜಿನಾಲಯದ ಕಲ್ಲಿಗೆ ಇಳಿದಿತ್ತು ಎನ್ನುವುದರಲ್ಲಿ ಸಂದೇಹವಿಲ್ಲ.

ಇಂದು ಪಣಂಬೂರಿನಲ್ಲಿ ಹಡಗು ಇಳಿದ ವಿದೇಶೀಯರನ್ನು ಬಸ್ಸುಗಳಲ್ಲಿ ಕರೆದೊಯ್ಯುವ ಸ್ಥಳಗಳಲ್ಲಿ ಸಾವಿರ ಕಂಬದ ಬಸದಿ ಮುಖ್ಯವಾದುದು. ಕಾರ್ಕಳದ ಗೊಮ್ಮಟ, ಕದ್ರಿ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ ಇವೂ ಆ ಸುತ್ತಿನಲ್ಲಿ ಸೇರುತ್ತವೆ. ವಿದ್ಯಾರ್ಥಿಗಳೊಡನೆ ಹೋಗಿದ್ದಾಗ ಇಂಥ ಒಂದು ತಂಡವನ್ನು ನಾನು ಕಂಡಿದ್ದೇನೆ. ಅವರು ಪಾದರಕ್ಷೆ ಕಳಚಿ, ಬಿಸಿಗಲ್ಲಿನ ಮೇಲೆ ಅವಸರದಿಂದ ನಡೆದು, ಕಂಬಗಳ ನಡುವೆ ಚಿತ್ರ ತೆಗೆದುಕೊಂಡು, ಮುಕ್ಕಾಲು ತಾಸಿನಲ್ಲಿ ಬಸ್ಸು ಹತ್ತಿದರು. ಅವರನ್ನು ಹಳಿಯಲು ನನಗೆ ನಾಲಗೆ ಏಳಲಿಲ್ಲ. ನಮ್ಮ ನಿಪ್ಪಾಣಿ, ರಾಯಬಾಗಗಳಿಂದ ಯಾತ್ರೆಯ ಬಸ್ಸಿನಲ್ಲಿ ಹೋಗುವ ನಾವೂ ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳಗಳನ್ನು ಒಂದೇ ಹಗಲಿನಲ್ಲಿ ಮುಗಿಸುತ್ತೇವೆ. ಅವರು ಜಿರಾಫೆಯನ್ನಾದರೂ ಕಂಡರು. ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ?

1883ರ ಒಂದು ಪ್ರಶ್ನೆ

ಯಾತ್ರಿಕನೊಬ್ಬನು ನಿಂತು ನೋಡಿದರೆ ಏನಾಗಬಹುದು ಎಂಬುದಕ್ಕೆ ಮೂಡುಬಿದಿರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ.

ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಕಷಾಯಪಾಹುಡದ ಮೇಲೆ ವೀರಸೇನ ಜಿನಸೇನರ ಜಯಧವಲಾ, ಭೂತಬಲಿಯ ಮಹಾಬಂಧ ಇವು ದಿಗಂಬರ ಪರಂಪರೆಯ ಮೂಲಸಿದ್ಧಾಂತ ಗ್ರಂಥಗಳು. ಇವುಗಳ ಪ್ರಾಚೀನ ತಾಡವಾಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶಾಂತಿಸೇನ ಅರಸನ ಮಡದಿ ಮಲ್ಲಿಕಾದೇವಿಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗೆ ದಾನ ಮಾಡಿದಳೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ಶತಮಾನಗಳ ಕಾಲ ಈ ಓಲೆಗಳು ಪೂಜೆಗೊಂಡವು, ದರ್ಶನಕ್ಕೆ ದೊರೆತವು. ಓದುವವರು ಮಾತ್ರ ಇಲ್ಲವಾದರು.

1883ರಲ್ಲಿ ಮುಂಬಯಿಯ ಜವಾಹಿರಿ ವ್ಯಾಪಾರಿ ಶೇಠ ಮಾಣಿಕಚಂದ ಹೀರಾಚಂದರು ಸಂಘದೊಡನೆ ಯಾತ್ರೆಗೆ ಬಂದರು. ಆಗ ಮಂಗಳೂರಿಗೆ ರೈಲು ಇರಲಿಲ್ಲ. ಅದು ಬಂದದ್ದು 1907ರಲ್ಲಿ. ಘಟ್ಟದ ರಸ್ತೆಗಳಲ್ಲಿ ಗಾಡಿ ಕಟ್ಟಿಕೊಂಡು ಬರಬೇಕು, ಇಲ್ಲವೆ ಮುಂಬಯಿಯ ಆಗಬೋಟು ಹತ್ತಬೇಕು. ಹಳೆಯ ಬಂದರಿನ ಅಳಿವೆ ಆಳವಿಲ್ಲದ ಕಾರಣ ಆಗಬೋಟುಗಳು ದೂರ ಕಡಲಲ್ಲೇ ನಿಲ್ಲುತ್ತಿದ್ದವು. ಜನರೂ ಸರಕೂ ದೋಣಿಗಳಲ್ಲಿ ದಡ ಸೇರಬೇಕಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಹೀಗೆ ಕಷ್ಟಪಟ್ಟು ಬಂದವರು ಅವಸರಪಟ್ಟು ಹಿಂದಿರುಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಮಾಣಿಕಚಂದರು ಎಲ್ಲ ಯಾತ್ರಿಕರಂತೆ ರತ್ನಪ್ರತಿಮೆಗಳ ದರ್ಶನ ಪಡೆದರು. ಸಿದ್ಧಾಂತ ಗ್ರಂಥಗಳ ದರ್ಶನವೂ ಆಯಿತು. ಓಲೆಗಳು ಜೀರ್ಣವಾಗಿ ಮುರಿಯುತ್ತಿರುವುದನ್ನು ಅವರ ಕಣ್ಣು ಗಮನಿಸಿತು. ಇವನ್ನು ನೀವು ಓದುತ್ತೀರಾ ಎಂದು ಅವರು ಅಲ್ಲಿದ್ದ ಹಿರಿಯರನ್ನು ಕೇಳಿದರು. ದರ್ಶನದಿಂದಲೇ ನಾವು ಕೃತಾರ್ಥರು, ಓದಬಲ್ಲವರು ಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಎಂಬರ್ಥದ ಉತ್ತರ ಬಂದಿತು. ರತ್ನವನ್ನು ಪರೀಕ್ಷಿಸುವುದೇ ವೃತ್ತಿಯಾಗಿದ್ದ ಆ ಮನುಷ್ಯನಿಗೆ ಆ ದಿನ ರತ್ನಪ್ರತಿಮೆಗಳಿಗಿಂತ ಮುರಿದ ಓಲೆಗಳೇ ಹೆಚ್ಚು ಬೆಲೆಯುಳ್ಳವಾಗಿ ಕಂಡವು.

ಊರಿಗೆ ಮರಳಿ ಅವರು ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ಈ ವಿಷಯ ತಿಳಿಸಿದರು. ಹೀರಾಚಂದರು ಮರುವರ್ಷ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆದುಕೊಂಡು ಮೂಡುಬಿದಿರೆಗೆ ಹೋದರು. ಶಾಸ್ತ್ರಿಗಳು ಓಲೆ ಬಿಚ್ಚಿ ಮಂಗಳಾಚರಣೆಯನ್ನು ಓದಿ ಕೇಳಿಸಿದರು. ಆದರೂ ನಕಲು ಆರಂಭವಾಗಲು 1896 ಬರಬೇಕಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೊಡನೆ ಮಿರಜಿನ ಗಜಪತಿ ಉಪಾಧ್ಯಾಯರು ಬರವಣಿಗೆಗೆ ಕುಳಿತರು. ಶಾಸ್ತ್ರಿಗಳು ತೀರಿಕೊಂಡ ಮೇಲೂ ಗಜಪತಿಯವರು ಮುಂದುವರಿಸಿದರು. ಧವಲಾ, ಜಯಧವಲಾ, ಕೊನೆಗೆ ಮಹಾಬಂಧ ಹೀಗೆ ಎಲ್ಲ ಮುಗಿಯುವಾಗ 1922. ಒಬ್ಬ ಯಾತ್ರಿಕನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆದು ಮುಗಿಸಲು ಸುಮಾರು ನಲವತ್ತು ವರ್ಷ ಹಿಡಿಯಿತು!

ನಕಲುಗಳು ಮೂಡುಬಿದಿರೆ ಬಿಟ್ಟು ಹೊರಹೋಗಬಾರದೆಂಬುದು ಅಲ್ಲಿಯವರ ಆಗ್ರಹವಾಗಿತ್ತು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಮತ್ತೊಂದು ಕನ್ನಡ ಪ್ರತಿ ಸಿದ್ಧಪಡಿಸಿದರು. ಅದು ಸಹಾರನಪುರ ಸೇರಿತು. ಅಲ್ಲಿಂದ ಪ್ರತಿಗೆ ಪ್ರತಿ ಹುಟ್ಟಿ ದೇಶದಲ್ಲಿ ಹರಡಿತು. ಇದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಶಾಸ್ತ್ರವನ್ನು ಕಾಪಾಡಿದವರ ಭಯವನ್ನು ನಾನು ಲಘುವಾಗಿ ಕಾಣಲಾರೆ. ಅವರು ಕಾಪಾಡದಿದ್ದರೆ ನಕಲು ಮಾಡಲು ಏನೂ ಉಳಿಯುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಕುಳಿತು ಬರೆದ ಆ ದಂಪತಿಗಳ ಋಣವನ್ನೂ ಮರೆಯಲಾರೆ.

ನಮ್ಮ ಸೀಮೆಯ ಪಾಲು

ಈ ಪ್ರತಿಗಳ ಆಧಾರದಿಂದ ಪ್ರೊ. ಹೀರಾಲಾಲ ಜೈನರು ಧವಲಾದ ಮೊದಲ ಸಂಪುಟವನ್ನು 1939ರಲ್ಲಿ ಅಮರಾವತಿಯಿಂದ ಪ್ರಕಟಿಸಿದರು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳು ಹೊರಬಂದವು. ಆ ಸಂಪಾದನ ಕಾರ್ಯದಲ್ಲಿ ಅವರಿಗೆ ಹೆಗಲುಕೊಟ್ಟವರಲ್ಲಿ ಡಾ. ಎ. ಎನ್. ಉಪಾಧ್ಯೆಯವರು ಒಬ್ಬರು. ಅವರು ನಮ್ಮ ಚಿಕ್ಕೋಡಿ ತಾಲೂಕಿನ ಸದಲಗೆಯಲ್ಲಿ 1906ರಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದವರು. ನಿಪ್ಪಾಣಿಯ ಬಳಿಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ಇದೇ ಸಿದ್ಧಾಂತ ಗ್ರಂಥಗಳು ಮುಂದೆ ಎಂದೂ ಜೀರ್ಣವಾಗಬಾರದೆಂದು 1940ರ ದಶಕದಲ್ಲಿ ತಾಮ್ರಪಟಗಳ ಮೇಲೆ ಕೊರೆಯಿಸಲು ಪ್ರೇರಣೆ ನೀಡಿದರು. ಮಿರಜಿನ ಲಿಪಿಕಾರ, ಸದಲಗೆಯ ಸಂಪಾದಕ, ಭೋಜದ ಮುನಿ ಹೀಗೆ ಕೃಷ್ಣಾ ದೂಧಗಂಗೆಗಳ ಈ ಸೀಮೆ ತುಳುನಾಡಿನ ಓಲೆಗಳಿಗೆ ಕೈ, ಕಣ್ಣು, ಹೃದಯಗಳನ್ನು ಕೊಟ್ಟಿತು.

ಮಾಣಿಕಚಂದರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಯಾತ್ರಿಕನ ಕಷ್ಟ ಬಲ್ಲ ಅವರು 20ನೇ ಶತಮಾನದ ಆರಂಭದಲ್ಲಿ ಮುಂಬಯಿಯ ಗಿರಗಾಂವಿನ ಸಿ. ಪಿ. ಟ್ಯಾಂಕ್ ಬಳಿ ತಂದೆಯ ಹೆಸರಿನಲ್ಲಿ ಹೀರಾಬಾಗ್ ಧರ್ಮಶಾಲೆಯನ್ನು ಕಟ್ಟಿಸಿದರು. ಬಂದರು ನಗರದಲ್ಲಿ ಪರಸ್ಥಳದವರಿಗೆ ಅದು ಆಸರೆಯಾಯಿತು. ಆ ಧರ್ಮಶಾಲೆಯ ಆವರಣವೇ ಗ್ರಂಥಪ್ರಕಟನೆಯ ನೆಲೆಯೂ ಆದದ್ದು ವಿಶೇಷ. 1914ರಲ್ಲಿ ತೀರಿಕೊಂಡ ಅವರ ಸ್ಮರಣೆಗಾಗಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆ ಹುಟ್ಟಿತು; ಪಂಡಿತ ನಾಥೂರಾಮ ಪ್ರೇಮಿಯವರು ಹೀರಾಬಾಗಿನಿಂದ ಅದನ್ನು ನಡೆಸಿದರು. ಜಟಾಸಿಂಹನಂದಿಯ ವರಾಂಗಚರಿತವನ್ನು ಉಪಾಧ್ಯೆಯವರು ಸಂಪಾದಿಸಿ 1938ರಲ್ಲಿ ಪ್ರಕಟಿಸಿದ್ದು ಇದೇ ಮಾಲೆಯಲ್ಲಿ. ಅರಮನೆ ಕಳೆದುಕೊಂಡ ರಾಜಕುಮಾರ ವರಾಂಗನಿಗೆ ಆ ಕಾವ್ಯದಲ್ಲಿ ಆಶ್ರಯ ಕೊಡುವವನು ಸಾಗರವೃದ್ಧಿ ಎಂಬ ವರ್ತಕ. ಧರ್ಮಶಾಲೆಯಿಂದ ಹೊರಬಂದ ಗ್ರಂಥಕ್ಕೆ ಇದಕ್ಕಿಂತ ತಕ್ಕ ಕಥೆ ಯಾವುದಿದ್ದೀತು?

ವಿದ್ಯಾರ್ಥಿಗೆ ಉತ್ತರ

ಇಷ್ಟು ಯೋಚಿಸಿದ ಮೇಲೆ ನನ್ನ ವಿದ್ಯಾರ್ಥಿಗೆ ಬರೆದ ಉತ್ತರದ ಸಾರವನ್ನು, ಇತರರಿಗೂ ಉಪಯೋಗವಾದೀತೆಂದು, ಇಲ್ಲಿ ಕೊಡುತ್ತೇನೆ.

ತಂದೆತಾಯಿಗಳು ಮಂಗಳೂರು ನಗರದಲ್ಲಿ ಉಳಿಯುವುದಕ್ಕಿಂತ ಮೂಡುಬಿದಿರೆಯಲ್ಲಿಯೇ ಹಿಂದಿನ ರಾತ್ರಿಯೂ ಅಂದಿನ ರಾತ್ರಿಯೂ ತಂಗುವುದು ಮೇಲು. ಸೂರ್ಯಾಸ್ತದ ಮೊದಲು ಊಟ, ಗಡ್ಡೆಗೆಣಸಿಲ್ಲದ ಅಡುಗೆ, ಸೋಸಿ ಕಾಯಿಸಿದ ನೀರು ಇವು ಹಿರಿಯರಿಗೆ ಅಗತ್ಯ. ಯಾತ್ರಾಸ್ಥಳದಲ್ಲಿ ಇವನ್ನು ವಿವರಿಸಿ ಕೇಳಬೇಕಾಗಿಲ್ಲ. ನಗರದಲ್ಲಿಯೇ ಉಳಿಯುವುದಾದರೆ, ಕೋಣೆಯ ಅಂದಕ್ಕಿಂತ ಮೊದಲು ಸಂಜೆಯ ಅಡುಗೆ ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಹೆಚ್ಚಿನ ಕಡೆ ಅದು ಕತ್ತಲಾದ ಮೇಲೆಯೇ. ಹೋಗುವಾಗ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆಯ ಮಾರ್ಗವಾಗಿ ಇಳಿದರೆ ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ಎದುರು ಅರ್ಧ ತಾಸು ವಿಶ್ರಮಿಸಬಹುದು. ಅದೂ ಬಂದರಿನ ವ್ಯಾಪಾರದ ಕಾಲದ ಕಟ್ಟಡವೇ.

ಮಗನು ಹಡಗಿನವರ ಬಸ್ಸನ್ನು ಅವಲಂಬಿಸದೆ ಬಾಡಿಗೆ ಕಾರನ್ನು ಮೊದಲೇ ಗೊತ್ತುಮಾಡಿಕೊಂಡು ಪಣಂಬೂರಿನಿಂದ ನೇರವಾಗಿ ಮೂಡುಬಿದಿರೆಗೆ ಬರಲಿ. ಮೊದಲು ಗುರುಬಸದಿ, ಆಮೇಲೆ ಸಾವಿರ ಕಂಬದ ಬಸದಿ. ನಡುಹಗಲಿಗೆ ಎಲ್ಲರೂ ಕುಳಿತು ಉಣ್ಣಲಿ. ಕಾರ್ಕಳ ಇನ್ನು 18 ಕಿಲೋಮೀಟರ್ ಮಾತ್ರವಾದರೂ ಅಂದು ಬೇಡ. 1432ರಿಂದ ನಿಂತಿರುವ ಗೊಮ್ಮಟ ಇನ್ನೊಂದು ಸಲಕ್ಕೂ ನಿಂತಿರುತ್ತಾನೆ. ಅಜ್ಜ ಅಜ್ಜಿಯರೊಡನೆ ಕಳೆಯುವ ಹಗಲು ಮತ್ತೆ ಸಿಗುವುದು ಅನುಮಾನ. ಹಡಗು ಹತ್ತಲು ಗೊತ್ತುಪಡಿಸಿದ ವೇಳೆಗಿಂತ ಒಂದೂವರೆ ತಾಸು ಮೊದಲೇ ಬಂದರು ತಲಪುವಂತೆ ಹೊರಡಬೇಕು. ಹಡಗು ಯಾರಿಗೂ ಕಾಯುವುದಿಲ್ಲ. ಒತ್ತೆಯಿಡಲು ಈಗ ಅರಸುಮಕ್ಕಳೂ ಇಲ್ಲ!

ಮಕ್ಕಳಿಗೆ ಏನು ತೋರಿಸಬೇಕೆಂಬುದಕ್ಕೆ ನನ್ನ ಉತ್ತರ ಎರಡೇ. ಜಿರಾಫೆಯನ್ನು ಅವರೇ ಹುಡುಕಲಿ. ಆಮೇಲೆ ಅಜ್ಜನೇ ಅವರಿಗೆ ಓಲೆಗಳ ಕಥೆ ಹೇಳಲಿ.

ನಮ್ಮ ಧರ್ಮದಲ್ಲಿ ದರ್ಶನ ಎಂಬ ಮಾತಿಗೆ ನೋಡುವುದು ಎಂಬ ಅರ್ಥವೂ ಶ್ರದ್ಧೆ ಎಂಬ ಅರ್ಥವೂ ಇದೆ. ರತ್ನತ್ರಯದಲ್ಲಿ ಅದರ ಸ್ಥಾನ ಮೊದಲನೆಯದು. ಅದರ ಬೆನ್ನಿಗೇ ಜ್ಞಾನವಿದೆ. ದರ್ಶನಕ್ಕೆ ನಿಂತು ಜ್ಞಾನದ ಕಡೆಗೆ ಒಂದು ಹೆಜ್ಜೆ ಇಟ್ಟ ಯಾತ್ರಿಕನಿಂದ ಒಂದು ಆಗಮವೇ ಉಳಿಯಿತು. ಇದಕ್ಕಾಗಿ ದೂರ ಹೋಗಬೇಕೆಂದೂ ಇಲ್ಲ. ನಮ್ಮ ಕಾಗವಾಡದ ನೆಲಮಾಳಿಗೆಯ ಬಸದಿಯಲ್ಲಿ ಯಾಪನೀಯ ಸಂಘದ ಗುರುಗಳನ್ನು ಹೆಸರಿಸುವ 1394ರ ಶಾಸನವಿದೆ. ಅಳಿದುಹೋದ ಒಂದು ಮಹಾಸಂಘದ ಕೊನೆಯ ಕುರುಹುಗಳಲ್ಲಿ ಅದೂ ಒಂದು. ದಿನವೂ ಅದರ ಮುಂದೆ ಕೈಮುಗಿದು ಹೋಗುವ ನಾವು, ಇದರಲ್ಲಿ ಏನು ಬರೆದಿದೆ ಎಂದು ಒಮ್ಮೆಯಾದರೂ ಕೇಳಿದ್ದೇವೆಯೆ?